ಬಾಲಿಯಲ್ಲಿ ಕಟ್ಟಿದ ಮಡಿಲಕ್ಕಿ

ಕಳೆದ ತಿಂಗಳು ಸೊಸೆ ನೆಲ ಒರೆಸುವುದಕ್ಕೆಂದು ಹೊಸದೊಂದು ಬಾಟಲಿ ತಂದಿಟ್ಟಿದ್ದಳು. ಕೆಲಸದವಳು ಅದನ್ನು ಬಕೆಟ್ಟಿಗೆ ಸುರಿದು ನಡುಮನೆ ಒರೆಸಿದ್ದೇ ತಡ, ಮನೆಯೆಲ್ಲ ಮಜ್ಜಿಗೆ ಹುಲ್ಲಿನ, ಅದೇ ಲೆಮನ್‌ಗ್ರಾಸಿನ, ವಾಸನೆ ಎದ್ದಿತು. ನಾನು ಎದ್ದು ಹೋಗಿ ಬಾಟಲಿಯನ್ನು ಬಚ್ಚಲಿಗೆ ಬಗ್ಗಿಸಿದೆ. ಪೂರ್ತಿ ಖಾಲಿಯಾಗುವ ತನಕ ಅಲ್ಲೇ ನಿಂತಿದ್ದು, ಅಂಗಡಿಯಿಂದ ಫಿನಾಯಿಲ್ ತರಿಸಿದೆ. ಸೊಸೆ ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಫಿನಾಯಿಲ್ ನಾನು ದುಡಿದ ಹಾಸ್ಟೆಲಿನ ವಾಸನೆ, ಅದರಿಂದ ನನಗೆ ಯಾವ ಮೋಸವೂ ಆಗಿಲ್ಲ. ಮಜ್ಜಿಗೆ ಹುಲ್ಲಿನ ವಾಸನೆ ಬಂದರೆ ಮಾತ್ರ ನಮ್ಮಣ್ಣನ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ನಾನು ನಂಜನಗೂಡಿನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲೊಂದರ ವಾರ್ಡನ್ ಆಗಿದ್ದು ನಿವೃತ್ತಳಾದವಳು. ಯಾವ ಕಟ್ಟಡದೊಳಗೆ ಕಾಲಿಟ್ಟರೂ ನನ್ನ ಕಣ್ಣು ಮೊದಲು ಹೋಗುವುದು ಹಾಸಿಗೆಯ ಹೊದಿಕೆಗೆ, ತೊಟ್ಟಿಕ್ಕುವ ನಲ್ಲಿಗೆ, ತಟ್ಟೆಯಲ್ಲಿ ಬಿಟ್ಟ ಅನ್ನಕ್ಕೆ. ಮನುಷ್ಯರ ಮುಖ ನೋಡುವುದು ಆಮೇಲೆ. ಅದು ಎಷ್ಟು ದುಬಾರಿ ಅಭ್ಯಾಸ ಎನ್ನುವುದು ನಾವು ಬಾಲಿಗೆ ಹೋಗಿಬಂದ ಆ ವರ್ಷ ಗೊತ್ತಾಯಿತು.

ನನ್ನ ತವರು ತಿ. ನರಸೀಪುರ. ಅಲ್ಲಿ ಅಪ್ಪನ ಅಕ್ಕಿ ಗಿರಣಿ, ಈಗ ಅಣ್ಣನದು. ನಾವು ಮೂವರು ಮಕ್ಕಳು. ಶಿವಮ್ಮಣ್ಣಿ ಅಕ್ಕ ದೊಡ್ಡವಳು, ನಡುವೆ ಅಣ್ಣ ಸಿದ್ದಲಿಂಗಸ್ವಾಮಿ, ಕೊನೆಯವಳು ನಾನು, ಸರ್ವಮಂಗಳ. ಅಕ್ಕನನ್ನು ಸೋಸಲೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಭಾವ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವಳು ಅಲ್ಲೇ ಮೈದುನನ ಮನೆಯಲ್ಲಿ ಉಳಿದುಕೊಂಡಳು. ಅವರು ಕೆಟ್ಟವರೇನಲ್ಲ. ಅನ್ನ ಹಾಕಿದರು, ಹಬ್ಬಕ್ಕೆ ಸೀರೆ ಕೊಟ್ಟರು, ಮಕ್ಕಳು ಬಾಯ್ತುಂಬ ದೊಡ್ಡಮ್ಮ ಅಂದವು. ಆದರೆ ಆ ಮನೆಯಲ್ಲಿ ಅವಳದು ಅನ್ನುವ ಒಂದು ಬಾಗಿಲು ಇರಲಿಲ್ಲ. ಅವಳ ಟ್ರಂಕು ನಡುಮನೆಯ ಮೂಲೆಯಲ್ಲಿ. ಎಲ್ಲರೂ ಹಾಸಿಕೊಂಡ ಮೇಲೆ ಎಲ್ಲಿ ಜಾಗ ಮಿಕ್ಕಿತೋ ಅಲ್ಲಿ ಅವಳ ಚಾಪೆ. ಸೀರೆ ಬದಲಾಯಿಸಬೇಕೆಂದರೆ ಬಚ್ಚಲುಮನೆಯೇ ಗತಿ.

ಅಪ್ಪ ಹೋದ ಮೇಲೆ ಹೆಮ್ಮಿಗೆಯ ನಾಲೆ ಬದಿಯ ಗದ್ದೆ ಪೌತಿ ಖಾತೆಯಾಗಿ ಮೂವರ ಹೆಸರಿಗೂ ಬಂತು. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಪಹಣಿಗೆ ಬರುವುದೂ, ಅಣ್ಣತಮ್ಮಂದಿರ ಮುಖ ಸಣ್ಣದಾಗುವುದೂ ಒಟ್ಟಿಗೇ ಆಗುತ್ತದೆ. ನನಗೆ ಪೆನ್ಷನ್ ಇದೆ, ಮನೆ ಇದೆ, ಗದ್ದೆಯ ಆಸೆ ಇರಲಿಲ್ಲ. ಅಕ್ಕನಿಗೆ ಮಾತ್ರ ಒಂದು ಆಸೆ ಇತ್ತು. ಅಪ್ಪನ ಶಿವಗಣಾರಾಧನೆಯ ದಿನ ಪಂಕ್ತಿ ಎದ್ದ ಮೇಲೆ ಎಲ್ಲರ ಎದುರಿಗೇ ಅದನ್ನು ಹೇಳಿದಳು.

"ಆ ಹೊಂಗೆ ಮರದ ಪಕ್ಕ ಎರಡಂಕಣ ಹಾಕೊಟ್ಬುಡೋ ಸಿದ್ದ. ಒಂದ್ ಒಲೆ, ಒಂದ್ ಕೋಣೆ. ಬಾಗ್ಲ ಹಾಕ್ಕಂಡು ಶಿವಾ ಅಂತ ಇದ್ಬುಡ್ತೀನಿ."

ಅಣ್ಣ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ. "ಆಗ್ಲಿ ನೋಡವ್ವ" ಅಂದ. ಅಷ್ಟೇ ಅಂದದ್ದು.

ಮರು ವರ್ಷದ ಆಷಾಢದಲ್ಲಿ ಅವನಿಂದ ಫೋನು ಬಂತು.

"ಮಂಗ್ಳ, ಆಷಾಢ ಬಂತಲ್ಲ. ತವರಿಗೆ ಕರೀಬೇಕಲ್ವಾ?"

"ಅರವತ್ತು ದಾಟ್ತು ಅಣ್ಣ ನಂಗೆ. ಮದುಮಗ್ಳಾ ನಾನು, ಆಷಾಢಕ್ಕೆ ಕರಿಯಕೆ?"

"ನಾನ್ ಕರೀತೀನಿ ಕಣೇ. ಆದ್ರೆ ನರಸೀಪುರಕ್ಕಲ್ಲ, ಬಾಲಿಗೆ. ಇಂಡೋನೇಷ್ಯಾ. ನಿನ್ ಹತ್ರ ಪಾಸ್‌ಪೋರ್ಟ್ ಐತಲ್ಲ? ಅಕ್ಕಂದೂ ಮಾಡಿಸ್ತಾ ಇವ್ನಿ."

ನಾನು ಫೋನಿಟ್ಟು ನಮ್ಮ ಯಜಮಾನರಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿಮ್ಮಣ್ಣ ಗಿರಣೀಲಿ ಹಿಡಿ ತವುಡನ್ನೂ ಸುಮ್ನೆ ಕೊಡೋನಲ್ಲ. ಬಾಲಿ ಕೊಡ್ತಾನಾ?" ಅಂದರು. ನನಗೆ ಮೈ ಉರಿದುಹೋಯಿತು. ತವರಿನ ಬಗ್ಗೆ ಗಂಡ ಆಡುವ ಮಾತನ್ನು ಯಾವ ಹೆಂಗಸು ಸಹಿಸಿಕೊಳ್ಳುತ್ತಾಳೆ? ಎರಡು ದಿನ ಅವರೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಮಂಡಿನೋವು ಎಂದು ಅವರು ಬರಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಆ ಆಷಾಢ ಕೇರಳದ ಕಡೆ ಮಳೆ ಜೋರಾಗಿ, ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ನಂಜನಗೂಡಿನಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳೆಲ್ಲ ಕಪಿಲೆಯೊಳಗೆ ಮುಳುಗಿಹೋಗಿದ್ದವು. ಕೆಂಪು ನೀರು ನೋಡಲು ಜನ ಸೇತುವೆ ಮೇಲೆ ಸಾಲುಗಟ್ಟಿ ನಿಂತಿದ್ದಾಗ ನಾವು ಕಾರಿನಲ್ಲಿ ಬೆಂಗಳೂರಿನ ವಿಮಾನಕ್ಕೆ ಹೊರಟೆವು. ಅಣ್ಣ, ಅವನ ಹೆಂಡತಿ ಲಲಿತ, ಅಕ್ಕ, ನಾನು. ಅಕ್ಕ ಒಂದು ಡಬ್ಬಿ ಚಟ್ನಿಪುಡಿ, ಒಂದು ಡಬ್ಬಿ ಹುಣಿಸೆ ಗೊಜ್ಜು ತಂದಿದ್ದಳು. ತಪಾಸಣೆಯವನು ಅವಳ ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು ಏನಿದು ಎಂದು ಕೇಳಿದ. ಅಕ್ಕ ಅದನ್ನೇ ಉಜ್ಜಿ ಅವನ ಹಣೆಗೆ ಇಡಲು ಕೈ ಎತ್ತಿದಳು. ಅವನು ನಕ್ಕು ತಲೆ ಬಗ್ಗಿಸಿದ. ನಾವೆಲ್ಲ ಎಷ್ಟು ನಕ್ಕೆವೆಂದರೆ ಆ ನಗುವನ್ನು ನೆನೆದರೆ ಈಗ ಹೊಟ್ಟೆಯುರಿಯುತ್ತದೆ.

ಹೋಟೆಲ್ ಉಬುಡ್ ಎನ್ನುವ ಊರಿನ ಹೊರಗೆ ಒಂದು ಸಂದಿಯ ಕೊನೆಯಲ್ಲಿತ್ತು. ಬೋರ್ಡೂ ಇಲ್ಲ, ಅಂತಸ್ತೂ ಇಲ್ಲ. ಪಾಚಿ ಕಟ್ಟಿದ ಕಲ್ಲಿನ ಬಾಗಿಲು, ಒಳಗೆ ಹೆಂಚಿನ ಸಣ್ಣ ಸಣ್ಣ ಮನೆಗಳು, ನಡುವೆ ಕೊಳ. "ಇದು ಓಟ್ಲಾ? ಯಾರ್ದೋ ಮನೆ ಒಳಕ್ ಬಂದ್ಬುಟ್ವಲ್ಲೋ" ಎಂದು ಅಕ್ಕ ಗಾಬರಿಯಾದಳು.

"ಬುಟೀಕ್ ಹೋಟೆಲ್ ಅಂದ್ರೆ ಇಂಗೇ ಅಕ್ಕ. ಚಿಕ್ಕದು, ಮನೆ ತರ. ರೂಮು ಕಮ್ಮಿ, ರೇಟು ಜಾಸ್ತಿ" ಎಂದು ಅಣ್ಣ ವಿವರಿಸಿದ. ಅದನ್ನು ಹೇಳುವಾಗ ಅವನ ಧ್ವನಿಯಲ್ಲಿ ಒಂದು ರುಚಿ ಇತ್ತು. ಬಾಗಿಲಲ್ಲಿ ಒಬ್ಬ ಹುಡುಗಿ ಕೈಮುಗಿದು ಎಲ್ಲರಿಗೂ ಒಂದೊಂದು ತಣ್ಣನೆಯ ಒದ್ದೆ ಟವೆಲ್ ಕೊಟ್ಟಳು. ಮಜ್ಜಿಗೆ ಹುಲ್ಲಿನ ವಾಸನೆ. ಅಕ್ಕ ಮುಖ ಒರೆಸಿಕೊಂಡು, ಅದು ತನಗೇ ಕೊಟ್ಟದ್ದು ಎಂದುಕೊಂಡು, ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಹೊಸ್ತಿಲಲ್ಲಿ ತೆಂಗಿನ ಗರಿಯ ಪುಟ್ಟ ತಟ್ಟೆಯಲ್ಲಿ ಹೂವು, ನಾಲ್ಕು ಅಗುಳು ಅನ್ನ, ಉರಿಯುವ ಊದುಬತ್ತಿ ಇಟ್ಟಿದ್ದರು. ಅಕ್ಕ ಅದನ್ನು ದಾಟಲಾರದೆ ಸೀರೆ ಎತ್ತಿ ಹಿಡಿದು ಪಕ್ಕದಿಂದ ಬಂದಳು. ಹಿಂದುಗಡೆ ಹೋಗಿ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ.

"ಅಯ್ಯೋ ಶಿವನೇ, ಗದ್ದೆ! ಇದ್ನ ನೋಡಕ್ಕಾ ಸಮುದ್ರ ದಾಟ್ಸಿ ಕರ್ಕಂಡ್ ಬಂದದ್ದು? ನಮ್ಮೆಮ್ಮಿಗೇಲಿ ಇಲ್ವಾ?"

"ಅದ್ನೇ ನಾನೂ ಏಳದು ಅಕ್ಕ" ಎಂದ ಅಣ್ಣ. "ನಮ್ಮಲ್ಲೂ ಐತೆ. ನೋಡ ಕಣ್ಣಿಲ್ಲ ಅಷ್ಟೆ."

ಅವನು ಆ ಗದ್ದೆಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ. ಅಪ್ಪನ ನೆನಪಾಯಿತೇನೋ ಎಂದುಕೊಂಡು ನಾನು ಅವನ ಹೆಗಲು ಮುಟ್ಟಿದೆ.

ಅಣ್ಣ ಮೂರು ರೂಮು ಹಿಡಿದಿದ್ದ. ಗಂಡ ಹೆಂಡತಿಗೆ ಒಂದು, ನನಗೊಂದು, ಅಕ್ಕನಿಗೊಂದು. ನಾವಿಬ್ಬರೂ ಒಂದರಲ್ಲೇ ಇರುತ್ತೇವೆ, ಯಾಕೆ ದಂಡ ಎಂದು ನಾನು ಹೇಳಿದರೂ ಕೇಳಲಿಲ್ಲ. ಅಕ್ಕನ ರೂಮಿನ ಮಂಚದ ಮೇಲೆ ಬಿಳಿ ಟವೆಲುಗಳನ್ನು ಮಡಿಸಿ ಎರಡು ಹಂಸ ಮಾಡಿ ಎದುರುಬದುರು ಕೂರಿಸಿದ್ದರು. ಅಕ್ಕ ಅವುಗಳನ್ನು ಕೆಡಿಸಲು ಬಿಡಲಿಲ್ಲ. ಅಷ್ಟಗಲದ ಮಂಚದ ಅಂಚಿನಲ್ಲಿ ಮುದುರಿ ಮಲಗಿದಳು. ಬಚ್ಚಲು ನೋಡಿ ಮಾತ್ರ ಸೋಪು ಕೈಯಲ್ಲಿ ಹಿಡಿದುಕೊಂಡೇ ನನ್ನ ರೂಮಿಗೆ ಓಡಿಬಂದಳು.

"ಮಂಗ್ಳ, ಅದ್ಕೆ ಸೂರೇ ಇಲ್ಲ ಕಣೇ! ಗೋಡೆ ಐತೆ, ಮೇಲೆ ಆಕಾಶ. ಯಾರಾರ ನೋಡುದ್ರೆ?"

"ಮೇಲಿಂದ ಶಿವ ಒಬ್ನೇ ನೋಡೋದು. ಹೋಗಿ ನೀರ್ ಹುಯ್ಕೋ."

ಆಮೇಲೆ ಅವಳನ್ನು ಆ ಬಚ್ಚಲಿನಿಂದ ಹೊರಗೆ ತರುವುದೇ ಕಷ್ಟವಾಯಿತು. ಬೆಳಿಗ್ಗೆಯೂ ಸ್ನಾನ, ಸಂಜೆಯೂ ಸ್ನಾನ. ತಿಂಡಿಯ ಮೇಜಿನಲ್ಲಿ ಮೊಟ್ಟೆ ಬೇಡ, ಮೀನು ಬೇಡ ಎಂದು ಲಲಿತ ಪ್ರತಿ ದಿನ ಅಡುಗೆಯವರಿಗೆ ಪಾಠ ಮಾಡುತ್ತಿದ್ದಳು. ಅಕ್ಕ ಬರೀ ಅನ್ನ ಹಾಕಿಸಿಕೊಂಡು ಚಟ್ನಿಪುಡಿ ಕಲಸಿ ತಿಂದು ರೂಮಿಗೆ ಹೊರಟುಬಿಡುತ್ತಿದ್ದಳು. ಒಂದು ಮಧ್ಯಾಹ್ನ ಕೋತಿಗಳ ಕಾಡು ನೋಡಲು ಕರೆಯೋಣವೆಂದು ನಾನು ಅವಳ ಬಾಗಿಲು ಬಡಿದೆ. ತೆಗೆಯಲು ಬಹಳ ಹೊತ್ತಾಯಿತು.

"ಮಲಗಿದ್ಯಾ ಅಕ್ಕ?"

"ಇಲ್ಲ ಕಣೇ. ಬೋಲ್ಟ್ ಹಾಕ್ಕಂಡು ಸುಮ್ನೆ ಕೂತಿದ್ದೆ. ಬೆಳಿಗ್ಗಿಂದ ಯಾರೂ ಕರೀನೇ ಇಲ್ಲ."

ಸೋಸಲೆಯಲ್ಲಿ ಅವಳು ಒಂದು ಗಳಿಗೆ ಕೂತರೆ, ದೊಡ್ಡಮ್ಮ ಕಾಫಿ, ದೊಡ್ಡಮ್ಮ ಟವೆಲು, ದೊಡ್ಡಮ್ಮ ಮಗು ಎತ್ತಿಕೋ. ನನಗೆ ಅಲ್ಲೇ ಅಳು ಬಂತು. ಕೋತಿ ನೋಡಲು ನಾನೊಬ್ಬಳೇ ಹೋದೆ.

ಅಣ್ಣ ಗಿರಣಿಯಿಂದ ಅಳತೆಯ ಟೇಪು ತಂದಿದ್ದ. ನಮ್ಮನ್ನು ದೇವಸ್ಥಾನಕ್ಕೆ ಕಳಿಸಿ ಅವನು ಬಾಗಿಲು ಅಳೆದ, ಜಗಲಿ ಅಳೆದ, ಬಚ್ಚಲಿನ ಗೋಡೆ ಅಳೆದ. ಲಲಿತ ದೀಪ, ನಲ್ಲಿ, ಸೋಪಿನ ತಟ್ಟೆಗಳ ಫೋಟೋ ತೆಗೆದಳು. ಒಂದು ಸಲ ನಾನು ಎದುರಿಗಿದ್ದಾಗಲೇ ಹೋಟೆಲಿನ ಮ್ಯಾನೇಜರ್, ಆ ಗದ್ದೆಗಳು ತಮ್ಮವಲ್ಲ, ಅವನ್ನು ಮಾರದೆ ಹಸಿರಾಗಿ ಇಟ್ಟುಕೊಳ್ಳಲೆಂದು ರೈತನಿಗೆ ತಾವೇ ದುಡ್ಡು ಕೊಡುತ್ತೇವೆ, ಬರುವವರು ರೂಮಿಗಲ್ಲ, ಕಿಟಕಿಗೆ ಹಣ ಕೊಡುತ್ತಾರೆ ಎಂದು ಹೇಳಿದ. ಅಣ್ಣ ಅದನ್ನು ಎರಡೆರಡು ಸಲ ಹೇಳಿಸಿಕೊಂಡ. ನಾನೋ, ಇವರು ದಿನಾ ಹೊದಿಕೆ ಬದಲಾಯಿಸುತ್ತಾರಲ್ಲ, ಇಷ್ಟು ಬಟ್ಟೆ ಯಾರು ಒಗೆಯುತ್ತಾರೆ ಎಂದು ಯೋಚಿಸುತ್ತಿದ್ದೆ.

ಹೊರಡುವ ಹಿಂದಿನ ದಿನ ಲಲಿತ ನಮ್ಮಿಬ್ಬರನ್ನೂ ಅಕ್ಕನ ರೂಮಿನಲ್ಲಿ ಕೂರಿಸಿದಳು. ಸೂಟ್‌ಕೇಸಿನಿಂದ ಒಂದೊಂದಾಗಿ ತೆಗೆದಳು. ನಮ್ಮ ಗಿರಣಿಯ ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲದಚ್ಚು, ಅರಿಶಿನ ಕುಂಕುಮದ ಪೊಟ್ಟಣ, ಹಸಿರು ಬಳೆ, ರವಿಕೆ ಕಣ. ಎಲ್ಲವನ್ನೂ ನರಸೀಪುರದಿಂದಲೇ ಹೊತ್ತು ತಂದಿದ್ದಾಳೆ. ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ಕಟ್ಟದೆ ಕಳಿಸುವುದುಂಟೇ? ಮೊದಲು ನನಗೆ ಕುಂಕುಮ ಇಟ್ಟು, ಸೆರಗಿಗೆ ಅಕ್ಕಿ ಸುರಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

ಅಕ್ಕ ಎದ್ದು ಗೋಡೆಯ ಕಡೆ ಸರಿದುಬಿಟ್ಟಳು. "ನಂಗ್ ಬ್ಯಾಡ ಕಣವ್ವ ಲಲಿತ. ನಾನು..."

"ಇಲ್ಲಿ ಯಾರಕ್ಕ ನೋಡೋರು? ಊರಿನ ಮಾತು ಊರಲ್ಲಿರ್ಲಿ. ಸೆರಗು ಒಡ್ಡಿ."

ಭಾವ ಹೋದಾಗಿನಿಂದ ಅಕ್ಕನ ಮಡಿಲಿಗೆ ಯಾರೂ ಒಂದು ಹಿಡಿ ಅಕ್ಕಿ ಹಾಕಿರಲಿಲ್ಲ. ನನ್ನ ಮಗನ ಮದುವೆಯಲ್ಲೂ ಅವಳು ಉಗ್ರಾಣದ ಬಾಗಿಲಲ್ಲಿ ನಿಂತು ಎಲೆ ಎಣಿಸಿಕೊಟ್ಟವಳು. ಬಸವಣ್ಣನ ಮಕ್ಕಳು ನಾವು, ನಮ್ಮಲ್ಲಿ ವಿಧವೆ ಸಧವೆ ಎಂಬ ಭೇದವಿಲ್ಲ ಎಂದು ಮಠದ ಸಭೆಯಲ್ಲಿ ಹೇಳುವುದನ್ನು ಬಹಳ ಕೇಳಿದ್ದೇನೆ. ಕುಂಕುಮದ ತಟ್ಟೆ ಹಿಡಿದು ಸಾಲಿನಲ್ಲಿ ಬರುವ ಹೆಂಗಸು ಮಾತ್ರ ಅದನ್ನು ಕೇಳಿರುವುದಿಲ್ಲ. ಆ ದಿನ ಲಲಿತ ಅಕ್ಕನ ಹಣೆಗೆ ಕುಂಕುಮ ಇಟ್ಟಳು, ಬಳೆ ತೊಡಿಸಿದಳು, ಮಡಿಲು ತುಂಬಿದಳು. ಅಕ್ಕನಿಗೆ ಸೆರಗು ಒಡ್ಡುವ ಅಭ್ಯಾಸವೇ ತಪ್ಪಿತ್ತು, ಅರ್ಧ ಅಕ್ಕಿ ಆ ಮರದ ನೆಲದ ಮೇಲೆ ಚೆಲ್ಲಿತು. ಅವಳು ಒಂದೊಂದೇ ಕಾಳು ಆರಿಸಿ ಸೆರಗಿಗೆ ಹಾಕಿಕೊಂಡು, ಗಂಟು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ತವರು ತಣ್ಣಗಿರ್ಲಿ" ಅಂದಳು. ನಾನು ಲಲಿತಳನ್ನು ತಬ್ಬಿಕೊಂಡೆ, ಇದನ್ನೂ ಹೇಳಿಬಿಡುತ್ತೇನೆ.

ಮಡಿಲಲ್ಲಿ ಅಕ್ಕಿ ಇರುವಾಗ ನಮ್ಮ ಹೆಣ್ಣುಮಕ್ಕಳು ತವರಿಗೆ ಇಲ್ಲ ಅನ್ನುವುದಿಲ್ಲ. ಕಟ್ಟಿಕೊಂಡು, ಹರಸಿ, ತಿರುಗಿ ನೋಡದೆ ಹೋಗುವುದು ಪದ್ಧತಿ. ಅಣ್ಣನಿಗೆ ಅದು ಚೆನ್ನಾಗಿ ಗೊತ್ತು. ಜಗಲಿಯಲ್ಲಿ ಕೂತಿದ್ದವನು ಆಗ ಎದ್ದು ಒಳಗೆ ಬಂದ.

"ಎಮ್ಮಿಗೆ ಗದ್ದೇಲಿ ಇಂಥದ್ದೇ ಒಂದು ಕಟ್ಬೇಕು ಅಂತ ಅಕ್ಕ. ಬ್ಯಾಂಕ್‌ನೋರು ಖಾತೆ ಒಬ್ರ ಎಸ್ರಲ್ಲೇ ಇರ್ಬೇಕು ಅಂತಾರೆ. ನೀವಿಬ್ರೂ ನಿಮ್ ಭಾಗದ ಹಕ್ಕು ಬಿಟ್ಟು ರಿಜಿಸ್ಟರ್ ಮಾಡ್ಕೊಟ್ರೆ, ಊರಿಗ್ ಹೋಗ್ತಿದ್ದಂಗೆ ಕೆಲಸ ಸುರು ಮಾಡ್ಬೋದು."

"ಅಕ್ಕನ ಎರಡಂಕಣ?" ಎಂದೆ ನಾನು.

"ಎರಡಂಕಣ ಯಾಕೆ? ಈ ರೂಮ್‌ನಂಥದ್ದೇ ರೂಮು. ಇದೇ ಬಾತ್‌ರೂಮು, ಇದೇ ಮಂಚ. ಸಾಯೋ ತಂಕ ಅಕ್ಕಂದೇ."

ಅಕ್ಕ ಸುತ್ತ ನೋಡಿದಳು. ಮಂಚ ನೋಡಿದಳು, ಬೋಲ್ಟ್ ನೋಡಿದಳು, ತೆರೆದ ಬಾಗಿಲಾಚೆ ಬಚ್ಚಲಿನ ಮೇಲಿನ ಆಕಾಶ ನೋಡಿದಳು. ಅವಳು ಅಂಥ ಕೋಣೆಯಲ್ಲಿ ಇದ್ದು ನೋಡಿರದಿದ್ದರೆ ಅವನ ಮಾತಿಗೆ ಅಷ್ಟು ಸುಲಭವಾಗಿ ಬೀಳುತ್ತಿರಲಿಲ್ಲ. ಅವಳಿಗೆಂದೇ ಬೇರೆ ರೂಮು ಯಾಕೆ ಹಿಡಿದಿದ್ದ ಎಂದು ನನಗೆ ಅರ್ಥವಾದದ್ದು ಆಗ.

"ಹಂಗಾದ್ರೆ ಅದನ್ನೂ ಪತ್ರದಲ್ಲಿ ಬರೆಸು ಅಣ್ಣ. ಅಕ್ಕನಿಗೆ ಒಂದು ರೂಮು, ಜೀವ ಇರೋವರೆಗೂ ಅಂತ."

ಅಣ್ಣ ಅದಕ್ಕೆ ಉತ್ತರ ಕೊಡಬೇಕಾಗಿಯೇ ಬರಲಿಲ್ಲ. ಅಕ್ಕನೇ ನನ್ನ ಮೇಲೆ ತಿರುಗಿಬಿದ್ದಳು.

"ಮಡ್ಲಕ್ಕಿ ಕಟ್ಕಂಡು ನಿಂತ್ಕಂಡು ಇಂಥ ಮಾತಾಡೀಯೇನೇ? ಒಡಹುಟ್ಟಿದೋನ ಮಾತ ಕಾಗ್ದದ ಮೇಲ್ ಬರಸ್ತಾರಾ? ನಿಂಗ್ ಗಂಡ ಅವ್ನೆ, ಮಗ ಅವ್ನೆ. ನಂಗಿರೋದು ಇದೊಂದೇ ತವರು ಕಣೇ. ಮುರೀಬ್ಯಾಡ."

ನನಗೆ ಸೊಂಟದ ಗಂಟು ಬಿಚ್ಚಿ ಆ ಅಕ್ಕಿಯನ್ನು ಅಲ್ಲೇ ಸುರಿದುಬಿಡಬೇಕು ಎನ್ನಿಸಿತು. ಅದನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಲಿಲ್ಲ.

ಶ್ರಾವಣದಲ್ಲಿ ನರಸೀಪುರದ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋದೆವು. ಮದುವೆ ಮನೆಗೆ ಬಂದವಳ ಹಾಗೆ ಅಕ್ಕ ರೇಷ್ಮೆ ಉಟ್ಟಿದ್ದಳು. ಕಂಪ್ಯೂಟರಿನ ಮುಂದೆ ಫೋಟೋ ತೆಗೆಯುವಾಗ ನಕ್ಕಳು. ಹೆಬ್ಬೆಟ್ಟು ಮಾತ್ರ ಮೆಷಿನ್ನಿಗೆ ಹತ್ತಲಿಲ್ಲ. ಪಾತ್ರೆ ತಿಕ್ಕಿ, ರಾಗಿ ಬೀಸಿ ಸವೆದುಹೋದ ಬೆರಳು. "ಒರೆಸ್ಕೊಂಡು ಇನ್ನೊಂದ್ ಸಲ ಒತ್ತಿ ಅಮ್ಮ" ಎಂದ ಗುಮಾಸ್ತ. ಅಣ್ಣ ತನ್ನ ಕರ್ಚೀಫು ತೆಗೆದು ಅವಳ ಹೆಬ್ಬೆರಳನ್ನು ತಾನೇ ಒರೆಸಿ, ಹಿಡಿದು ಒತ್ತಿಸಿದ. ಅಕ್ಕನಿಗೆ ಅದೂ ಪ್ರೀತಿಯಾಗಿಯೇ ಕಂಡಿತು. ನನ್ನದು ಮೊದಲ ಸಲಕ್ಕೇ ಹತ್ತಿತು.

ದಸರೆ ಕಳೆಯುತ್ತಿದ್ದಂತೆ ಜೆಸಿಬಿ ಬಂತು. ಮೊದಲು ಹೋದದ್ದು ಹೊಂಗೆ ಮರ, ಕಿಟಕಿಗೆ ಅಡ್ಡ ಬರುತ್ತದೆ ಎಂದು. ಅಪ್ಪ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಿದ್ದ ಗದ್ದೆಯಲ್ಲಿ ಕೊನೆಗೆ ಎರಡು ಪಟ್ಟಿ ಭತ್ತ ಉಳಿಯಿತು, ನೋಡುವುದಕ್ಕೆ. ಅಕ್ಕ ಸೋಸಲೆಯ ಬೀದಿಯಲ್ಲಿ ಕಂಡಕಂಡವರಿಗೆಲ್ಲ, ಬಸ್ಸಿನ ಕಂಡಕ್ಟರಿಗೂ, "ನನ್ ತಮ್ಮ ನಂಗೆ ಬಾಲಿ ತರದ ರೂಮು ಕಟ್ತಾವ್ನೆ" ಎಂದು ಹೇಳಿಕೊಂಡು ತಿರುಗಿದಳು. ಟ್ರಂಕು ಎತ್ತಿಕೊಂಡು ಹೊರಟ ದಿನ ಮೈದುನನ ಮನೆಯವರು ಕಣ್ಣೀರು ಹಾಕಿದರಂತೆ. ಆ ಮೂಲೆಯಲ್ಲಿ ಅವರು ಆಮೇಲೆ ಫ್ರಿಜ್ಜು ಇಟ್ಟರು.

ಕಟ್ಟಲು ವರ್ಷದ ಮೇಲೆ ಹಿಡಿದು, ಗೃಹಪ್ರವೇಶ ಅದರಾಚೆಯ ಸಂಕ್ರಾಂತಿ ಕಳೆದ ಮೇಲೆ ಆಯಿತು. ಸ್ವಾಮಿಗಳು ಬಂದರು, ತಾಲ್ಲೂಕಿನ ದೊಡ್ಡವರೆಲ್ಲ ಬಂದರು. ಹೆಂಗಸರ ಸಾಲಿನಲ್ಲಿ ಅಕ್ಕ ನನ್ನ ಪಕ್ಕ ಕೂತಿದ್ದಳು. ಲಲಿತ ಕುಂಕುಮದ ತಟ್ಟೆ ಹಿಡಿದು ಬಂದಳು. ನನಗಿಟ್ಟಳು. ಅಕ್ಕನನ್ನು ದಾಟಿ ಆಚೆಯವಳಿಗಿಟ್ಟಳು. ಅವಳ ಕೈ ತಡವರಿಸಲೂ ಇಲ್ಲ. ಅಕ್ಕ ಹಣೆಯನ್ನು ಸ್ವಲ್ಪ ಮುಂದೆ ಮಾಡಿದ್ದಳು, ಅದನ್ನು ನಾನು ನೋಡಿದೆ. "ಜನ ಜಾಸ್ತಿ ಅಲ್ವಾ, ಗಡಿಬಿಡೀಲಿ ಮರ್ತಿರ್ತಾಳೆ" ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನನಗೆ ಎದ್ದು ಆ ತಟ್ಟೆಯನ್ನು ಕಿತ್ತು ಎಸೆಯಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ಅಕ್ಕ ನನ್ನ ಮುಂಗೈ ಹಿಡಿದುಕೊಂಡಿದ್ದಳು.

ಆದರೂ ಕೊಟ್ಟ ಮಾತಿನಂತೆ ಕೊನೆಯ ರೂಮನ್ನು ಅವಳಿಗೆ ಕೊಟ್ಟರು. ಸೂರಿಲ್ಲದ ಬಚ್ಚಲು, ಬಿಳಿ ಮಂಚ, ಕಿಟಕಿಗೆ ಎರಡು ಪಟ್ಟಿ ಗದ್ದೆ. ದಿನಾ ಫೋನು ಮಾಡುತ್ತಿದ್ದಳು. ರಾತ್ರಿ ಬಚ್ಚಲಲ್ಲಿ ನಿಂತರೆ ಚುಕ್ಕಿ ಕಾಣುತ್ತವೆ ಎಂದು ಹೇಳಿದ್ದನ್ನೇ ಹೇಳುತ್ತಿದ್ದಳು. ಯುಗಾದಿಯವರೆಗೆ ಹಾಗೆ ನಡೆಯಿತು. ಬೇಸಿಗೆ ರಜೆ ಬಂದ ಮೇಲೆ ಶನಿವಾರ ಭಾನುವಾರ ಅವಳ ಫೋನು ಬರುವುದು ನಿಂತಿತು. ಹೋಟೆಲಿನಲ್ಲಿ ಗಲಾಟೆ ಜಾಸ್ತಿ ಇರಬೇಕು ಎಂದುಕೊಂಡೆ.

ಒಂದು ಶನಿವಾರ ಹೇಳದೆ ಕೇಳದೆ ಒಬ್ಬಟ್ಟು ಕಟ್ಟಿಕೊಂಡು ಹೋದೆ. ಬಾಗಿಲಲ್ಲಿ ಒಬ್ಬ ಹುಡುಗಿ ತಣ್ಣನೆಯ ಟವೆಲ್ ಚಾಚಿ, "ಬುಕಿಂಗ್ ಯಾವ ಹೆಸರಲ್ಲಿದೆ ಮೇಡಂ?" ಎಂದಳು. ಅದೇ ವಾಸನೆ. ನಾನು ಟವೆಲ್ ಮುಟ್ಟದೆ ನೇರ ಕೊನೆಯ ರೂಮಿಗೆ ಹೋಗಿ ಬಾಗಿಲು ಬಡಿದೆ. ಚಡ್ಡಿ ಹಾಕಿದ್ದ ಒಬ್ಬ ಯುವಕ ತೆಗೆದ. ಹಿಂದೆ ಮಂಚದ ಮೇಲೆ ಒಬ್ಬಳು ಕಾಫಿ ಹಿಡಿದು ಕೂತಿದ್ದಳು.

"ಹೌಸ್‌ಕೀಪಿಂಗಾ ಆಂಟಿ? ಆಮೇಲೆ ಬನ್ನಿ" ಅಂದ.

ಅಕ್ಕ ಸಿಕ್ಕಿದ್ದು ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ. ಅಕ್ಕಿ ಮೂಟೆಗಳ ನಡುವೆ ಚಾಪೆ, ತಲೆದೆಸೆಗೆ ಟ್ರಂಕಿನ ಬದಲು ಈಗ ಒಂದು ಬ್ಯಾಗು. ಒಗೆದು ತಂದ ಟವೆಲುಗಳ ರಾಶಿ ಮುಂದಿಟ್ಟುಕೊಂಡು ಹಂಸ ಮಾಡುತ್ತಿದ್ದಳು. ನನ್ನನ್ನು ನೋಡಿ ನಾಚಿಕೊಂಡಳು.

"ನೋಡೇ, ಎಷ್ಟ್ ಚೆಂದಾಗ್ ಬತ್ತದೆ ನನ್ ಕೈಲಿ. ಉಡ್ಗೀರೇ ಏಳ್ಕೊಟ್ರು."

"ಯಾವಾಗಿಂದ ಇಲ್ಲಿದೀಯಾ?"

"ದಿನಾ ಇಲ್ಲ ಕಣೇ. ಸುಕ್ರಾರ ಮಧ್ಯಾಹ್ನ ಬುಟ್ಕೊಟ್ರೆ ಸೋಮಾರ ಮತ್ತೆ ನಂದೇಯ. ಪಾಪ ಅವರ್‌ಗೂ ಜನ ಬರೋದು ಆವಾಗ್ಲೇ ಅಲ್ವಾ? ಬ್ಯಾಗ್ ಕಟ್ಕೊಳದೇನ್ ಕಷ್ಟ, ಇರೋದೇ ನಾಕ್ ಸೀರೆ."

ಅಣ್ಣ ಆಫೀಸಿನಲ್ಲಿದ್ದ. ನಾನು ಕೂಗಾಡಿದ್ದು ಕೊಳದ ಹತ್ತಿರ ಕೂತವರಿಗೂ ಕೇಳಿಸಿರಬೇಕು. ಅವನು ಬಾಗಿಲು ಹಾಕಿ, ತಣ್ಣಗೇ ಹೇಳಿದ.

"ಖಾಲಿ ಇದ್ದಾಗೆಲ್ಲ ಅವ್ಳದೇ ತಾನೆ? ವೀಕೆಂಡಲ್ಲಿ ಒಂದ್ ರೂಮು ಸುಮ್ನೆ ಬುಟ್ರೆ ಬಿಸ್ನೆಸ್ ಆಯ್ತದಾ? ಸರ್ಕಾರಿ ಹಾಸ್ಟೆಲ್ ನಡ್ಸಿದೋಳಿಗೆ ಇದೆಲ್ಲ ಅರ್ಥ ಆಗಲ್ಲ ಬುಡು."

"ನಾನು ನಡೆಸ್ದ ಹಾಸ್ಟೆಲಲ್ಲಿ ಒಂದ್ ಸಲ ಕೊಟ್ಟ ಮಂಚಾನ ಯಾವ ಹುಡ್ಗೀಯಿಂದ್ಲೂ ಕಿತ್ಕೊಂಡಿಲ್ಲ ಅಣ್ಣ."

"ಏನ್ ಕಮ್ಮಿ ಮಾಡಿವ್ನಿ ನಾನು ನಿಮ್ಗೆ? ಬಾಲಿ ತೋರ್ಸಿದೆ. ನಮ್ ಸುತ್ತಲ್ಲಿ ಯಾವ ಅಣ್ಣ ತೋರ್ಸವ್ನೆ ಏಳು."

ಅವನ ಮುಖದಲ್ಲಿ ಅಳುಕು ಇರಲಿಲ್ಲ. ಕೊಟ್ಟವನ ಬೇಸರ ಇತ್ತು. ಅವನು ನಿಜವಾಗಿಯೂ ಕೊಟ್ಟಿದ್ದೇನೆ ಎಂದೇ ನಂಬಿದ್ದ. ಸುಳ್ಳು ಹೇಳಿದ್ದರೆ ನಾನು ಜಗಳ ಮುಂದುವರಿಸುತ್ತಿದ್ದೆ. ಹೊರಗೆ ಬಂದು ಅಕ್ಕನ ಬ್ಯಾಗು ಎತ್ತಿಕೊಂಡೆ. ಅವಳು ಬರುವುದಿಲ್ಲ ಎಂದಳು, ತಮ್ಮನಿಗೆ ಹೆಸರು ಕೆಡುತ್ತದೆ ಎಂದಳು. ಕೈ ಹಿಡಿದು ಎಳೆದುಕೊಂಡು ಬಂದೆ. ಗೇಟಿನಾಚೆ ಆಟೋ ಹತ್ತುವ ಮೊದಲು ಅವಳು ತಿರುಗಿ ನಿಂತು ಕೈಮುಗಿದು, "ತವರು ತಣ್ಣಗಿರ್ಲಿ" ಅಂದಳು. "ಬಾಯಿ ಮುಚ್ಕೊಂಡು ಹತ್ತು" ಎಂದೆ.

ನಂಜನಗೂಡಿನ ಮನೆಯಲ್ಲಿ ಮಗನ ಓದುವ ಕೋಣೆ ಖಾಲಿ ಮಾಡಿಸಿ ಅವಳಿಗೆ ಕೊಟ್ಟೆ. ಮಂಚ ಹಾಕಿಸಿದೆ, ಬೀರು ಇಡಿಸಿದೆ. ಯಜಮಾನರು ಹಿಂದಿನ ಮಾತು ಎತ್ತಲಿಲ್ಲ, ಆ ಉಪಕಾರವನ್ನು ನಾನು ಮರೆಯುವುದಿಲ್ಲ. ಅಕ್ಕ ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾಳೆ, ಸೊಸೆಗೆ ಸೊಪ್ಪು ಬಿಡಿಸಿಕೊಡುತ್ತಾಳೆ, ಟಿ.ವಿ. ನೋಡುತ್ತಾಳೆ. ಎಲ್ಲ ಸರಿಹೋಯಿತು ಎಂದು ನಾನು ಅಂದುಕೊಂಡದ್ದು ಮೊದಲ ವಾರವಷ್ಟೇ. ಆ ಶುಕ್ರವಾರ ಊಟಕ್ಕೆ ಕರೆಯಲು ಹೋದರೆ ಕೋಣೆಯಲ್ಲಿ ಅವಳಿಲ್ಲ. ಮಂಚದ ಮೇಲೆ ಒಂದು ಸುಕ್ಕಿಲ್ಲದ ಹಾಗೆ ಹೊದಿಕೆ ಎಳೆದಿದೆ. ಬೀರು ಖಾಲಿ. ನಡುಮನೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ, ತೊಡೆಯ ಮೇಲೆ ಬ್ಯಾಗು ಇಟ್ಟುಕೊಂಡು ಕೂತಿದ್ದಳು.

"ಇದೇನಕ್ಕ?"

"ಸುಕ್ರಾರ ಅಲ್ವೇನೇ ಇವತ್ತು."

"ಇದು ನನ್ನ ಮನೆ ಅಕ್ಕ. ನಿನ್ ಕೋಣೆಗೆ ಯಾರೂ ಬರಲ್ಲ."

"ಗೊತ್ತು ಕಣೇ" ಎಂದಳು.

ನಾನು ಅವಳ ತೊಡೆಯಿಂದ ಬ್ಯಾಗು ತೆಗೆದು ಸೀರೆಗಳನ್ನು ಮತ್ತೆ ಬೀರುವಿಗೆ ಜೋಡಿಸಿದೆ. ಅವಳು ಅಡ್ಡ ಬರಲಿಲ್ಲ. ಮುಂದಿನ ಶುಕ್ರವಾರ ಮತ್ತೆ ಅದೇ ಕುರ್ಚಿ, ಅದೇ ಬ್ಯಾಗು. ಇವತ್ತಿಗೂ ಹಾಗೇ ನಡೆದಿದೆ. ಮೊನ್ನೆ ನಾನು ತಡೆಯಲಾರದೆ ರೇಗಿಬಿಟ್ಟೆ. ಯಾರೂ ಬರೋದಿಲ್ಲ ಅಂತ ಗೊತ್ತಿದ್ದೂ ಯಾಕೆ ನನ್ನ ಹೊಟ್ಟೆ ಉರಿಸ್ತೀಯಾ ಎಂದು ಕೂಗಿದೆ. ಅವಳು ಬ್ಯಾಗಿನ ಜಿಪ್ಪು ಎಳೆದು ಸರಿಮಾಡಿಕೊಂಡು, ನನ್ನ ಕಡೆ ನೋಡದೆ ಹೇಳಿದಳು.

"ಅವರಾಗವ್ರೇ ಬಂದು ಎದ್ದೇಳಮ್ಮ ಅನ್ನಾದ್ಕಿಂತ, ನಾನಾಗ್ ನಾನೇ ಎದ್ದಿರೋದು ವಾಸಿ ಕಣೇ."